ಊರಿಗೊಂದು ಮಡು ಬಿಡಿ

ಏಪ್ರಿಲ್ ಕಳೆಯುವ ಹೊತ್ತಿಗೆ ನಮ್ಮ ಹೊಳೆಗಳು ಸೊರಗಿ ಹೋಗುತ್ತವೆ. ಹುಣಸೂರಿನ ಆಚೀಚೆ ಲಕ್ಷ್ಮಣತೀರ್ಥದ ಬಂಡೆಗಳೆಲ್ಲ ಮೇಲೆದ್ದು ನಿಲ್ಲುತ್ತವೆ. ಪಿರಿಯಾಪಟ್ಟಣದ ಕೊಪ್ಪದಿಂದ ಕೆಳಕ್ಕೆ ಕಾವೇರಿಯನ್ನು ಎಷ್ಟೋ ಕಡೆ ಮಂಡಿಯುದ್ದದ ನೀರಲ್ಲಿ ದಾಟಬಹುದು. ಆಳ ನೀರು ಉಳಿಯುವುದು ಮಡುಗಳಲ್ಲಿ ಮಾತ್ರ. ಬಂಡೆಯ ಬುಡದಲ್ಲೋ, ಹೊಳೆ ತಿರುಗುವ ಮೂಲೆಯಲ್ಲೋ, ಅತ್ತಿ ಹೊಂಗೆಗಳ ಬೇರು ಇಳಿಬಿದ್ದ ದಡದ ಕೆಳಗೋ ಇರುವ ಆ ಮಡುಗಳಿಗೆ ಮೈಲಿಗಟ್ಟಲೆ ಉದ್ದದ ಹೊಳೆಯ ಮೀನೆಲ್ಲ ಬಂದು ಸೇರಿಕೊಳ್ಳುತ್ತದೆ. ಗೆಂಡೆ, ಬಾಳೆ, ಕೊರವ, ಹಾವುಮೀನು, ಅಳಿದುಳಿದ ಬಿಳಿಮೀನು, ಎಲ್ಲವೂ ಮಳೆ ಬರುವ ತನಕ ಜೀವ ಹಿಡಿದು ಕೂರುವ ಜಾಗ ಅದು. ಮಳೆ ಬಂದ ಮೇಲೆ ಇಡೀ ಹೊಳೆಯನ್ನು ಮತ್ತೆ ತುಂಬಬೇಕಾದ ಮೀನೂ ಅವೇ.

ನಮ್ಮ ಬಲೆಗಳೂ ಅಲ್ಲಿಗೇ ಹೋಗುತ್ತವೆ. ಬೇಸಿಗೆಯಲ್ಲಿ ಹೊಳೆಯಿಂದ ಸಂತೆಗೆ ಬರುವ ಮೀನು ಹೊಳೆಯ ಉದ್ದಕ್ಕೂ ಹಿಡಿದದ್ದಲ್ಲ, ಬೆರಳಲ್ಲಿ ಎಣಿಸಬಹುದಾದ ಕೆಲವು ಜಾಗಗಳಲ್ಲಿ ಬಾಚಿದ್ದು. ಬಲೆ ಹಾಕುವವರು ಹಾಕಲಿ, ಅದು ಅವರ ಅನ್ನ. ಆದರೆ ಆ ಮಡುಗಳಿಗೇ ರಾತ್ರಿ ಹೊತ್ತು ಸಿಡಿಮದ್ದಿನ ತೋಟೆ ಬೀಳುತ್ತದೆ. ಪಂಪ್‌ಸೆಟ್ಟಿನ ವೈರು ಎಳೆದು ಕರೆಂಟು ಕೊಡುವವರಿದ್ದಾರೆ. ಬ್ಲೀಚಿಂಗ್ ಪೌಡರ್ ಸುರಿಯುವವರಿದ್ದಾರೆ, ಹೊಲಕ್ಕೆ ತಂದ ಕೀಟನಾಶಕ ಸುರಿಯುವವರೂ ಇದ್ದಾರೆ. ತೋಟೆ ಸಿಡಿದಾಗ ತೇಲಿ ಬರುವುದು ಸತ್ತದ್ದರಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ತಳ ಸೇರಿ ಅಲ್ಲೇ ಕೊಳೆಯುತ್ತದೆ, ಯಾರ ಹೊಟ್ಟೆಗೂ ಆಗುವುದಿಲ್ಲ. ಮರಿ, ಮೀನು ತಿನ್ನುವ ಹುಳುಹುಪ್ಪಟೆ, ಮಡುವನ್ನೇ ನಂಬಿದ ನೀರುನಾಯಿಯ ಊಟ, ಎಲ್ಲ ಒಂದು ಕ್ಷಣದಲ್ಲಿ ಮುಗಿಯುತ್ತದೆ.

ಇದಕ್ಕೆಲ್ಲ ಲೆಕ್ಕ ಎಲ್ಲಿದೆ? ಸರ್ಕಾರದ ಪುಸ್ತಕದಲ್ಲಿ ಜಿಲ್ಲೆಗೆ ಇಷ್ಟು ಟನ್ ಎಂದಿರುತ್ತದೆ. ಯಾವ ಹೊಳೆಯ ಯಾವ ಮಡುವಿನಿಂದ ಯಾವ ಜಾತಿ ಎಷ್ಟು ಬಂತು ಎಂಬುದು ಅಲ್ಲಿ ಸಿಗುವುದಿಲ್ಲ. ಆ ಲೆಕ್ಕ ಇರುವುದು ಹರಿಗೋಲು ನಡೆಸುವ ಬೆಸ್ತರ ತಲೆಯಲ್ಲಿ, ಕಾಡಂಚಿನ ಹಾಡಿಗಳ ಜೇನುಕುರುಬ ಹಿರಿಯರ ನೆನಪಿನಲ್ಲಿ. ಒಬ್ಬೊಬ್ಬ ಹಿರಿಯರು ಕಣ್ಮುಚ್ಚಿದಾಗಲೂ ಅದರ ಒಂದೊಂದು ಹಾಳೆ ಹರಿದು ಹೋಗುತ್ತಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಜನರಲ್ಲಿ, ಈಗ ಬೇರೆ ತಾಲ್ಲೂಕುಗಳಾಗಿರುವ ಸಾಲಿಗ್ರಾಮ ಮತ್ತು ಸರಗೂರಿನವರಲ್ಲಿ ನನ್ನ ಬೇಡಿಕೆ ಇಷ್ಟು: ನಮ್ಮ ಮೀನು ಎಲ್ಲೆಲ್ಲಿ ಗುಂಪುಗೂಡುತ್ತದೆ, ಎಲ್ಲೆಲ್ಲಿ ನಮ್ಮ ಬಲೆಗೆ ಬೀಳುತ್ತದೆ ಎಂಬ ನಕ್ಷೆಯನ್ನು ನಾವೇ ಬರೆಯೋಣ. ಬರೆದ ಮೇಲೆ ಹೊಳೆ ದಂಡೆಯ ಪ್ರತಿ ಊರೂ ಒಂದು ಮಡುವನ್ನು ಮುಟ್ಟದೆ ಬಿಡಲಿ.

ಮಡು ತುಂಬ ಮೀನಿದೆಯಲ್ಲ, ಇನ್ನೇನು ಚಿಂತೆ ಎಂದು ಕೇಳುವವರಿದ್ದಾರೆ. ಅವರಿಗೆ ಸಾವಿರಾರು ಮೈಲಿ ದೂರದ ಒಂದು ದ್ವೀಪದ ಕತೆ ಹೇಳಬೇಕು. ಕೆರಿಬಿಯನ್ ಸಮುದ್ರದ ಹವಳದ ದಿಬ್ಬಗಳಲ್ಲಿ ನಸಾವು ಗ್ರೂಪರ್ ಎಂಬ ದೊಡ್ಡ ಮೀನು ವಾಸಿಸುತ್ತದೆ. ವರ್ಷವೆಲ್ಲ ಒಂಟಿಯಾಗಿರುವ ಇದು ಚಳಿಗಾಲದ ಹುಣ್ಣಿಮೆಯ ಆಸುಪಾಸಿನಲ್ಲಿ ಮೊಟ್ಟೆ ಇಡಲು ಒಂದೇ ಜಾಗಕ್ಕೆ ಸಾವಿರಗಟ್ಟಲೆ ಬಂದು ಸೇರುತ್ತದೆ. ಲಿಟಲ್ ಕೇಮನ್ ದ್ವೀಪದ ಹತ್ತಿರ ಅಂಥದೊಂದು ಜಾಗ 2001ರಲ್ಲಿ ಬೆಸ್ತರ ಕಣ್ಣಿಗೆ ಬಿತ್ತು. ಅಲ್ಲಿ ಇದ್ದದ್ದು ಸುಮಾರು ಏಳು ಸಾವಿರ ಮೀನು. ಎರಡೇ ಹಂಗಾಮಿನಲ್ಲಿ ನಾಲ್ಕು ಸಾವಿರದಷ್ಟನ್ನು ಎತ್ತಿದರು.  ಸುತ್ತಲಿನ ಹತ್ತಾರು ದಿಬ್ಬಗಳ ಮೀನೆಲ್ಲ ಒಂದೆಡೆ ಸೇರಿದಾಗ ಹಿಡಿದರೆ ಕೊನೆಯ ದಿನದವರೆಗೂ ಬಲೆ ಭಾರವಾಗಿಯೇ ಇರುತ್ತದೆ. ಅಲ್ಲಿನ ಸರ್ಕಾರ 2003ರಲ್ಲಿ ಆ ಜಾಗವನ್ನು ಮುಚ್ಚಿತು. ಆದರೂ ಹಲವು ವರ್ಷ ಏನೂ ಚಿಗುರಲಿಲ್ಲ. ಜನ ತಾಳಿಕೊಂಡರು. 2018ರ ಹೊತ್ತಿಗೆ ಮೀನಿನ ಸಂಖ್ಯೆ ಮತ್ತೆ ಏಳು ಸಾವಿರ ದಾಟಿತು.

ನಮ್ಮ ಮಡುಗಳ ಸ್ಥಿತಿಯೂ ಇದೇ. ಮೇ ತಿಂಗಳಲ್ಲಿ ಮಡುವಿನಲ್ಲಿ ಬಲೆ ತುಂಬಿದರೆ ಹೊಳೆಯಲ್ಲಿ ಮೀನು ಸಮೃದ್ಧವಾಗಿದೆ ಎಂದರ್ಥವಲ್ಲ, ಹೊಳೆಯಲ್ಲಿ ಉಳಿದ ಮೀನೆಲ್ಲ ಅಲ್ಲಿದೆ ಎಂದರ್ಥ.

ನಮ್ಮ ನೆಲದಲ್ಲೇ ಇದಕ್ಕೆ ಸಾಕ್ಷಿಯಿದೆ, ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿ ನದಿಯಲ್ಲಿ ಗಾಳಕ್ಕೆ ಒಂದು ಮಹಶೀರ್ ಮೀನು ಹಿಡಿದರು. ಹುಲಿ ಚಿರತೆಗಳ ಚರ್ಮಕ್ಕೆ ಜೀವಂತ ರೂಪ ಕೊಟ್ಟು ನಿಲ್ಲಿಸುವ ಕೆಲಸಕ್ಕೆ ಹೆಸರಾಗಿದ್ದ ಮನೆ ಅದು. ಆ ಮೀನು 120 ಪೌಂಡ್ ತೂಗಿತು, ಅಂದರೆ 54 ಕಿಲೋಗೂ ಮಿಕ್ಕಿ. ಗಾಳದ ಲೋಕದ ದಾಖಲೆ ಪುಸ್ತಕಗಳಲ್ಲಿ ನಮ್ಮ ಕಬಿನಿಯ ಹೆಸರು ಸೇರಿದ್ದು ಹೀಗೆ. ಬೆನ್ನು ಗೂನಿನಂತೆ ಎದ್ದಿರುವ, ಕಿತ್ತಳೆ ರೆಕ್ಕೆಯ ಆ ಜಾತಿ ಇರುವುದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ, ಲೋಕದ ಬೇರೆ ಯಾವ ಹೊಳೆಯಲ್ಲೂ ಇಲ್ಲ. ಅಷ್ಟು ಹೆಸರಾದ ಮೀನಿಗೆ ವಿಜ್ಞಾನದಲ್ಲಿ ಟಾರ್ ರೆಮಾದೇವಿ ಎಂಬ ಗುರುತು ಗಟ್ಟಿಯಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಕಟ್ಟಕಡೆಯ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಕೆಂಪುಪಟ್ಟಿಗೂ ಸೇರಿತು. ಹೆಸರು ಸಿಕ್ಕುವ ಹೊತ್ತಿಗೆ ಮೀನು ಮುಗಿಯುತ್ತ ಬಂದಿತ್ತು. ಇಂದು ಅದು ಇದೆಯೆಂದು ಖಾತ್ರಿಯಾಗಿ ಹೇಳಬಹುದಾದದ್ದು ಮೋಯಾರ್‌ನಂಥ ಒಂದೆರಡು ಕಡೆ.

ಅದು ಮುಗಿಯುತ್ತಿದೆ ಎಂದು ಗೊತ್ತಾದದ್ದಾದರೂ ಹೇಗೆ? ಒಂದು ಲೆಕ್ಕದ ಪುಸ್ತಕದಿಂದ. ಕೆಳಗಡೆ, ಕಾವೇರಿ ಕಾಡೊಳಗೆ ಹರಿಯುವ ಗಾಲಿಬೋರೆಯಲ್ಲಿ ಗಾಳ ಹಾಕಿ ಹಿಡಿದು ಮತ್ತೆ ನೀರಿಗೇ ಬಿಡುವ ಶಿಬಿರವಿತ್ತು. ಅಲ್ಲಿನವರು 1998ರಿಂದ 2012ರವರೆಗೆ ಪ್ರತಿ ಮೀನನ್ನೂ ಬರೆದಿಟ್ಟರು. 23 ಸಾವಿರಕ್ಕೂ ಹೆಚ್ಚು ಗಂಟೆಗಳ ಗಾಳ, ಆರು ಸಾವಿರಕ್ಕೂ ಹೆಚ್ಚು ಮಹಶೀರ್. ಒಟ್ಟು ಸಂಖ್ಯೆ ನೋಡಿದರೆ ವರ್ಷದಿಂದ ವರ್ಷಕ್ಕೆ ಏರಿಕೆಯೇ ಕಂಡಿತು, ಎಲ್ಲರೂ ಸಂತೋಷಪಡಬೇಕು. ಆದರೆ ಸರಾಸರಿ ತೂಕ ಇಳಿಯುತ್ತಿತ್ತು. ಸಂಶೋಧಕರು ಜಾತಿ ಬಿಡಿಸಿ ನೋಡಿದಾಗ ಏರುತ್ತಿದ್ದದ್ದು ನೀಲಿ ರೆಕ್ಕೆಯ ಮಹಶೀರ್ ಎಂದು ತಿಳಿಯಿತು. 1970ರ ದಶಕದಿಂದ ಲೋಣಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿ, ಒಳ್ಳೆಯದೇ ಆಗಲೆಂದು ಕಾವೇರಿಗೆ ತಂದು ಬಿಟ್ಟ ಹೊರಗಿನ ಮೀನು ಅದು. ನಮ್ಮ ಗೂನುಬೆನ್ನಿನ ಮೀನು ಅದೇ ಪುಸ್ತಕದ ಪುಟಗಳಲ್ಲಿ ಕರಗುತ್ತ ಬಂದಿತ್ತು. ಒಂದೇ ಜಾಗದಲ್ಲಿ ಹದಿನಾಲ್ಕು ವರ್ಷ ಹಟ ಹಿಡಿದು ಬರೆದ ಲೆಕ್ಕ ಇಲ್ಲದೇ ಇದ್ದಿದ್ದರೆ ಆ ಸಾವು ಯಾರಿಗೂ ತಿಳಿಯುತ್ತಿರಲಿಲ್ಲ. ಕಬಿನಿಯಲ್ಲಿ, ಲಕ್ಷ್ಮಣತೀರ್ಥದಲ್ಲಿ, ಚುಂಚನಕಟ್ಟೆಯ ಮೇಲಿನ ಕಾವೇರಿಯಲ್ಲಿ ಇಂಥ ಎಷ್ಟು ಸಾವುಗಳು ತಿಳಿಯದೆ ನಡೆದುಹೋಗಿವೆಯೋ!

ಮಡುವಿನ ಮಾತಾಯಿತು, ಮಳೆಗಾಲದ ಮಾತು ಇನ್ನೂ ಕಠಿಣ. ಮೊದಲ ಕೆಂಪು ನೀರು ಬರುತ್ತಲೇ ಮೀನು ಮೇಲಕ್ಕೆ ಹತ್ತುತ್ತದೆ, ಮೊಟ್ಟೆಯ ಭಾರ ಹೊತ್ತು ತೊರೆಗಳಿಗೆ, ಗದ್ದೆಬಯಲಿನ ತೋಡುಗಳಿಗೆ ಹೋಗಬೇಕೆಂದು ಹೊರಡುತ್ತದೆ. ಹೋಗುವ ದಾರಿಯಲ್ಲಿ ಕಟ್ಟೆಗಳಿವೆ. ಲಕ್ಷ್ಮಣತೀರ್ಥಕ್ಕೆ ಹನಗೋಡು ಮತ್ತು ಕಟ್ಟೆಮಳಲವಾಡಿಯ ಅಣೆಕಟ್ಟೆಗಳು, ಕಾವೇರಿಗೆ ಮಿರ್ಲೆ ಮತ್ತು ಚಾಮರಾಜ ಅಣೆಕಟ್ಟೆಗಳು. ಈ ಕಟ್ಟೆಗಳು ನಮ್ಮ ಭತ್ತದ ಗದ್ದೆಗಳಿಗೆ ನೀರು ಕೊಟ್ಟ ಪುಣ್ಯದ ಕೆಲಸಗಳು, ಕಟ್ಟಿದವರಿಗೆ ಕೈಮುಗಿಯಬೇಕು. ಆದರೆ ಮೀನು ಹತ್ತಿಹೋಗಲು ಮೆಟ್ಟಿಲು ಇಡಬೇಕೆಂದು ಅವರಿಗೆ ತೋಚಲಿಲ್ಲ. ಹೀಗಾಗಿ ಹತ್ತಲಾಗದ ಮೀನು ಕಟ್ಟೆಯ ಬುಡದಲ್ಲಿ ರಾಶಿ ಬೀಳುತ್ತದೆ. ಬೀಸುಬಲೆ ಹಿಡಿದು ಕಾದು ನಿಂತವರಿಗೆ ಅದು ಸುಗ್ಗಿ. ಕೆರೆ ಕೋಡಿ ಬಿದ್ದ ದಿನ ಕೋಡಿಯ ಬಾಯಲ್ಲೂ ಇದೇ ಸುಗ್ಗಿ. ಕೂಳಿ ಹಿಡಿದವರು, ಸೀರೆ ಹಿಡಿದವರು, ಸೊಳ್ಳೆಪರದೆ ಹಿಡಿದವರು, ಊರಿಗೆ ಊರೇ ಅಲ್ಲಿರುತ್ತದೆ. ಆ ಸಂಭ್ರಮವನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುವುದಿಲ್ಲ, ಕೋಡಿ ಬಿದ್ದ ದಿನದ ಮೀನುಸಾರಿನ ರುಚಿ ಗೊತ್ತಿರುವ ಯಾರೂ ಹೇಳಲಾರರು. ಆದರೆ ಮೊಟ್ಟೆ ತುಂಬಿದ ಒಂದು ಮೀನನ್ನು ಹಿಡಿದರೆ ಮುಂದಿನ ವರ್ಷದ ಎಷ್ಟು ಮೀನನ್ನು ಇಂದೇ ತಿಂದಹಾಗೆ ಎಂದು ಒಂದು ಗಳಿಗೆ ಯೋಚಿಸಿ. ಮೊದಲ ವಾರ ಬಿಟ್ಟುಕೊಡಿ. ಮೊಟ್ಟೆ ಮುಗಿಯಲಿ, ಆಮೇಲೆ ಹಿಡಿಯಿರಿ.

ಅಣೆಕಟ್ಟುಗಳ ಹಿನ್ನೀರು ಬೇರೆಯೇ ಲೋಕ. ಬೀಚನಹಳ್ಳಿಯಲ್ಲಿ ಕಬಿನಿ ಜಲಾಶಯ 1974ರಲ್ಲಿ ಮುಗಿಯಿತು. ಅದಕ್ಕೂ ಹಿಂದಿನದು ನುಗು, ಜೊತೆಗೆ ತಾರಕ, ಹೆಬ್ಬಳ್ಳ. ಊರು ಕಳೆದುಕೊಂಡವರಲ್ಲಿ ಎಷ್ಟೋ ಮಂದಿಗೆ ಉಳಿದ ಬದುಕು ಆ ನೀರಿನ ಮೀನು. ಅಲ್ಲಿ ಬಿತ್ತುವ ಮರಿ ಬಹುಪಾಲು ಕಾಟ್ಲಾ, ರೋಹು, ಮೃಗಾಲ್. ಉತ್ತರದ ನದಿಗಳ ಈ ಮೀನುಗಳು ಬೇಗ ಬೆಳೆಯುತ್ತವೆ, ಮಾರುಕಟ್ಟೆಯಲ್ಲಿ ಸಲ್ಲುತ್ತವೆ. ಅದರ ಜೊತೆಗೆ 1952ರಲ್ಲಿ ದೇಶಕ್ಕೆ ಬಂದ ಜಿಲೇಬಿ ಮೀನು ಎಲ್ಲೆಲ್ಲೂ ತಾನಾಗಿಯೇ ಹಬ್ಬಿದೆ. ನಿಷೇಧವಿದ್ದರೂ ಕದ್ದು ಸಾಕುವ ಆಫ್ರಿಕಾದ ಮುರುಗೋಡು ಹೊಂಡ ಒಡೆದು ಹೊಳೆ ಸೇರಿದರೆ ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ಹಿನ್ನೀರಿನಲ್ಲಿ ಮೀನು ತೂಗಿದಾಗ ಕಿಲೋ ಹೆಚ್ಚಿದೆ ಎಂದು ಕಾಣಬಹುದು. ಆ ಕಿಲೋಗಳಲ್ಲಿ ಈ ಹೊಳೆಯದೇ ಆದ ಮೀನು ಎಷ್ಟು? ರಾಜ್ಯದ ಮೀನೆಂದು ನಾವು ಆರಿಸಿಕೊಂಡ ಕರ್ನಾಟಿಕ್ ಕಾರ್ಪ್ ಎಷ್ಟು? ಜಾತಿ ಬಿಡಿಸಿ ಬರೆಯದೆ ಇದಕ್ಕೆ ಉತ್ತರವಿಲ್ಲ. ಹಳೆಯ ಹೊಳೆಯ ಪಾತ್ರ ಹಿನ್ನೀರಿನ ಅಡಿಯಲ್ಲಿ ಎಲ್ಲಿ ಹಾದುಹೋಗಿದೆ, ತೊರೆಗಳು ಬಂದು ಸೇರುವ ಮೂಲೆಗಳಲ್ಲಿ ಯಾವ ತಿಂಗಳು ಯಾವ ಮೀನು ನಿಲ್ಲುತ್ತದೆ ಎಂಬುದನ್ನು ಅಲ್ಲಿ ಬಲೆ ಬಿಡುವವರು ಕಣ್ಣು ಕಟ್ಟಿದರೂ ತೋರಿಸಬಲ್ಲರು.

ಹಾಗಾದರೆ ಬರೆಯುವುದು ಹೇಗೆ? ದೊಡ್ಡ ಯಂತ್ರ ಬೇಡ. ಸರ್ವೆ ಕಚೇರಿಯಲ್ಲಿ ಸಿಗುವ ಗ್ರಾಮ ನಕ್ಷೆ ಒಂದು, ಇನ್ನೂರು ಪುಟದ ನೋಟ್ ಪುಸ್ತಕ ಒಂದು, ದಿನವೂ ಹೊಳೆಗೆ ಇಳಿಯುವ ನಾಲ್ಕು ಜನ, ಅವರ ಬಾಯಿಂದ ಕೇಳಿ ಬರೆಯಲು ಊರಿನ ಶಾಲೆಯ ಒಬ್ಬ ಮೇಷ್ಟ್ರು ಅಥವಾ ಕಾಲೇಜಿಗೆ ಹೋಗುವ ಒಬ್ಬಳು ಹುಡುಗಿ. ಮೊದಲು ಮಡುಗಳ ಹೆಸರು ಬರೆಯಿರಿ. ಪ್ರತಿ ಮಡುವಿಗೂ ಹೆಸರಿದೆ, ಆ ಹೆಸರುಗಳನ್ನು ಹಿರಿಯರಿಂದ ಕೇಳಿ ತಿಳಿಯಿರಿ. ಆಮೇಲೆ ಬಲೆ ಎತ್ತಿದ ದಿನ ಎಲ್ಲಿ ಎತ್ತಿದ್ದು, ಎಂಥ ಬಲೆ, ಕಣ್ಣಿನ ಅಳತೆ ಎಷ್ಟು, ಎಷ್ಟು ಹೊತ್ತು ನೀರಲ್ಲಿತ್ತು, ಯಾವ ಮೀನು ಎಷ್ಟು, ಅತಿ ದೊಡ್ಡದರ ಉದ್ದ ಎಷ್ಟು ಎಂದು ಬರೆಯಿರಿ. ಏನೂ ಸಿಗದ ದಿನವನ್ನೂ ಬಿಡದೆ ಬರೆಯಿರಿ, ಆ ಸೊನ್ನೆಗೆ ತುಂಬಿದ ಬುಟ್ಟಿಯಷ್ಟೇ ಬೆಲೆಯಿದೆ. ಎರಡು ಬೇಸಿಗೆ, ಎರಡು ಮಳೆಗಾಲ ಹೀಗೆ ನಡೆದರೆ ಗ್ರಾಮ ನಕ್ಷೆಯ ಮೇಲೆ ಚುಕ್ಕಿಗಳು ತಾವಾಗಿಯೇ ಒತ್ತಾಗುತ್ತವೆ. ಎಲ್ಲಿ ಒತ್ತಾಗಿವೆಯೋ ಅದೇ ನಿಮ್ಮ ಹೊಳೆಯ ಜೀವ.

ಇಲ್ಲಿ ಒಂದು ಭಯವಿದೆ, ಅದನ್ನು ಮುಚ್ಚಿಡಬಾರದು. ಮೀನು ಎಲ್ಲಿದೆ ಎಂಬ ನಕ್ಷೆ ಕಳ್ಳನ ಕೈಗೂ ಸಿಗಬಹುದು. ಲಿಟಲ್ ಕೇಮನ್‌ನಲ್ಲಿ ಆದದ್ದೂ ಅದೇ, ಜಾಗ ಗೊತ್ತಾದದ್ದೇ ಮುಳುವಾಯಿತು. ಊರ ಮಡುಗಳ ನಕ್ಷೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದರೆ ಮರುವಾರವೇ ಹೊರಗಿನ ಗಾಡಿ ತೋಟೆ ತುಂಬಿಕೊಂಡು ಬಂದು ನಿಲ್ಲುತ್ತದೆ. ಆದ್ದರಿಂದ ನಕ್ಷೆ ಊರಿನದಾಗಿಯೇ ಉಳಿಯಬೇಕು, ಮೀನುಗಾರರ ಸಹಕಾರ ಸಂಘದ, ಗ್ರಾಮಸಭೆಯ ಹತೋಟಿಯಲ್ಲಿ ಇರಬೇಕು. ಹೊರಗೆ ಹೇಳಬೇಕಾದದ್ದು ಯಾವ ಮಡು ಬಿಟ್ಟಿದ್ದೇವೆ ಎಂಬುದನ್ನು ಮಾತ್ರ, ಅದನ್ನು ನೂರು ಕಣ್ಣು ಕಾಯುತ್ತವೆ. ಇನ್ನೊಂದು ಭಯ ಇದಕ್ಕಿಂತ ದೊಡ್ಡದು. ನಕ್ಷೆಯ ನೆಪದಲ್ಲಿ ಬಡವರನ್ನು ನೀರಿನಿಂದ ಓಡಿಸಬಾರದು. ಕಾಡಿನಿಂದ ಒಮ್ಮೆ, ಅಣೆಕಟ್ಟೆಯಿಂದ ಇನ್ನೊಮ್ಮೆ ಎದ್ದು ಬಂದ ಜನ ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳಲ್ಲಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆ ನೀರಿನ ಮೀನಿನ ಮೇಲೆ ಅವರಿಗಿರುವ ಸಮುದಾಯದ ಹಕ್ಕನ್ನು ಹೆಸರಿಸಿಯೇ ಹೇಳುತ್ತದೆ. ಹೊಳೆಯನ್ನು ಬರಿದು ಮಾಡಿದ್ದು ಗಾಳ ಹಿಡಿದ ಜೇನುಕುರುಬನಲ್ಲ. ಯಾವ ಮಡು ಬಿಡಬೇಕೆಂದು ಹೇಳುವ ಮೊದಲ ಮಾತು ಅವನದು, ಬೆಸ್ತರ ಹೆಣ್ಣುಮಕ್ಕಳದು, ಮಾರುವವರದು.

ಕಾನೂನಿಲ್ಲ ಎನ್ನಬೇಡಿ. ನೀರಿಗೆ ಸಿಡಿಮದ್ದು, ವಿಷ ಹಾಕಬಾರದೆಂದು 1897ರ ಮೀನುಗಾರಿಕೆ ಕಾಯ್ದೆಯೇ ಹೇಳಿದೆ. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ಕಾಯ್ದೆ ತಂದಿತು. 1996ರಲ್ಲಿ ಕರ್ನಾಟಕ ಒಳನಾಡು ಮೀನುಗಾರಿಕೆಗೆ ತನ್ನದೇ ಕಾಯ್ದೆ ಮಾಡಿಕೊಂಡಿತು. ಎಲ್ಲಕ್ಕಿಂತ ಹತ್ತಿರದ ಸಾಧನ 2002ರ ಜೀವವೈವಿಧ್ಯ ಕಾಯ್ದೆಯಲ್ಲಿದೆ. ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನರ ಜೊತೆ ಕೂತು ಊರಿನ ಗಿಡ, ಪ್ರಾಣಿ, ಮೀನುಗಳ ದಾಖಲೆ ಬರೆಯಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟು, ತಪ್ಪಿದರೆ ತಿಂಗಳಿಗೆ ಹತ್ತು ಲಕ್ಷ ರೂಪಾಯಿ ದಂಡ ಎಂದಾಗ ದೇಶದ ಉದ್ದಗಲಕ್ಕೂ ಈ ದಾಖಲೆಗಳು ಅವಸರದಲ್ಲಿ ತಯಾರಾದವು. ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕ ಕೇಳಿ, ಮೀನಿನ ಪುಟ ತೆರೆಸಿ. ಅಲ್ಲಿ ನಿಮ್ಮ ಮಡುವಿನ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ಆ ಪುಟವನ್ನು ಮತ್ತೆ ಬರೆಸುವ ಹಕ್ಕು ನಿಮ್ಮದು.

ಮಡು ಬಿಡುವುದು ಹೊಸ ಕೆಲಸವೂ ಅಲ್ಲ. ಕೆ.ಆರ್. ನಗರದಿಂದ ಹೊಳೆಯ ಜಾಡು ಹಿಡಿದು ಮೇಲಕ್ಕೆ ಹೋದರೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರ ಸಿಗುತ್ತದೆ. ರಾಮೇಶ್ವರನ ಗುಡಿಯ ಎದುರು ಕಾವೇರಿಯ ವಹ್ನಿ ಪುಷ್ಕರಿಣಿಯಲ್ಲಿ ಮೀನಿಗೆ ಯಾರೂ ಕೈ ಹಚ್ಚುವುದಿಲ್ಲ, ಪುರಿ ಹಾಕಿ ಕೈಮುಗಿದು ಬರುತ್ತಾರೆ. ಅದೇ ಕಾವೇರಿ ನಮ್ಮಲ್ಲೂ ಹರಿಯುತ್ತಿದೆ. ದೇವರ ಹೆಸರಿನಲ್ಲಿ ಉಳಿದದ್ದು ಊರಿನ ಹೆಸರಿನಲ್ಲೂ ಉಳಿಯಬಹುದು. ಲಾವೋಸ್ ದೇಶದ ಮೆಕಾಂಗ್ ದಂಡೆಯಲ್ಲಿ 1990ರ ದಶಕದಲ್ಲಿ ಹತ್ತಾರು ಹಳ್ಳಿಗಳು ಹೀಗೇ ಮಾಡಿದವು. ಯಾವ ಆಳದ ಗುಂಡಿ ಬಿಡಬೇಕೆಂದು ಅಲ್ಲಿನ ಮೀನುಗಾರರೇ ಆರಿಸಿದರು, ತಮ್ಮ ಕಟ್ಟಳೆಯನ್ನು ತಾವೇ ಕಾದರು. ಆದರೆ ಕಾವಲು ಸಡಿಲಿದರೆ ದೇವರ ಹೆಸರೂ ಸಾಲದು. ಪಶ್ಚಿಮ ಘಟ್ಟದ ಕೆಳಗೆ ಶಿಶಿಲದ ಗುಡಿಯ ಮುಂದಿನ ಹೊಳೆಗೆ 1996ರಲ್ಲಿ ಯಾರೋ ವಿಷ ಹಾಕಿದರು, ಸಾವಿರಾರು ಮಹಶೀರ್‌ಗಳು ಒಂದೇ ಬಾರಿಗೆ ಸತ್ತು ತೇಲಿದವು. ಆ ಊರಿನವರು ಮೀನುಗಳಿಗೊಂದು ಸ್ಮಾರಕ ಕಟ್ಟಿ, ಮತ್ತೆ ಕಾವಲು ಕೂತರು.

ಕೆರೆ ಗುತ್ತಿಗೆ ಹಿಡಿಯುವವರಿಗೆ ಒಂದು ಮಾತು. ಗುತ್ತಿಗೆಯ ಕೊನೆಯ ವರ್ಷ ಕೆರೆಯ ತಳ ಕಾಣುವಂತೆ ಬಾಚಬೇಡಿ, ನಿಮ್ಮ ನಂತರವೂ ಆ ಕೆರೆಗೊಬ್ಬ ಬರುತ್ತಾನೆ. ಹುಣಸೂರಿನ ನಗರಸಭೆಯವರಿಗೂ ಒಂದು ಮಾತು. ಲಕ್ಷ್ಮಣತೀರ್ಥಕ್ಕೆ ಊರಿನ ಕೊಳಚೆ ಇಳಿಯುತ್ತಿರುವವರೆಗೂ ಕೆಳಗಿನ ಊರಿನವರು ಬಿಟ್ಟ ಮಡುವಿನಲ್ಲಿ ಏನೂ ಉಳಿಯದು. ಮರಳು ಎತ್ತುವವರೇ, ಮೀನು ಮೊಟ್ಟೆ ಇಡುವ ನೆಲವನ್ನು ಲಾರಿಗೆ ತುಂಬುತ್ತಿದ್ದೀರಿ. ಇನ್ನು ಮೀನು ಕೊಳ್ಳುವ ನಾವು, ಕಿವಿ ಎತ್ತಿ ಕೆಂಪು ನೋಡುವುದರ ಜೊತೆಗೆ ಎಲ್ಲಿಯದು, ಹೇಗೆ ಹಿಡಿದದ್ದು ಎಂದು ಕೇಳೋಣ. ಮುಳ್ಳು ಮುರಿದು, ಮೈ ಜಜ್ಜಿ ಹೋದ ತೋಟೆಮೀನು ಮುಟ್ಟಿದರೆ ಗೊತ್ತಾಗುತ್ತದೆ. ಅದನ್ನು ಬೇಡವೆಂದು ಎದ್ದು ಬನ್ನಿ.

ಮುಂದಿನ ಗ್ರಾಮಸಭೆಗೆ ಹೋಗುವಾಗ ಈ ನಿರ್ಣಯವನ್ನು ಬರೆದು ಜೇಬಿನಲ್ಲಿಟ್ಟುಕೊಂಡು ಹೋಗಿ, ಮಡುವಿನ ಹೆಸರಿನ ಜಾಗ ಮಾತ್ರ ಖಾಲಿ ಬಿಡಿ, ಅದನ್ನು ಸಭೆಯಲ್ಲಿ ಹೊಳೆಗೆ ಇಳಿಯುವವರೇ ತುಂಬಲಿ: "ನಮ್ಮ ಊರಿನ ಎಲ್ಲೆಯ ಈ ಮಡುವಿನಲ್ಲಿ, ಮೇಲಿನ ಬಂಡೆಯಿಂದ ಕೆಳಗಿನ ಬಂಡೆಯವರೆಗೆ, ವರ್ಷದ ಯಾವ ದಿನವೂ ಯಾರೂ ಬಲೆ, ಗಾಳ, ಕೂಳಿ ಹಾಕತಕ್ಕದ್ದಲ್ಲ. ತೋಟೆ, ವಿಷ, ಕರೆಂಟು ಹಾಕಿದವರ ಮೇಲೆ ಊರೇ ದೂರು ಕೊಡತಕ್ಕದ್ದು. ಉಳಿದ ಮಡುಗಳಲ್ಲಿ ಹಿಡಿದ ಮೀನಿನ ಲೆಕ್ಕವನ್ನು ಮೀನುಗಾರರೇ ಬರೆದು, ವರ್ಷಕ್ಕೆರಡು ಸಲ ಈ ಸಭೆಯಲ್ಲಿ ಓದತಕ್ಕದ್ದು."